ಬಲಕ್ಕೆ ಒಂದು ಗೇಣು

ಸೋಮವಾರ, ಬೆಳಗ್ಗೆ

ಪ್ರೀತಿಯ ಡ್ರೈವರ್ ಸಾಹೇಬರಿಗೆ,

ನೀವಿನ್ನೂ ಮಲಗಿದ್ದೀರಿ. ಚಹಾ ಫ್ಲಾಸ್ಕಿನಲ್ಲಿದೆ. ಅಕ್ಷರ ಇಷ್ಟು ದಪ್ಪಗೆ ಯಾಕೆಂದು ಸಿಡುಕಬೇಡಿ, ಓದುತ್ತಾ ಹೋದರೆ ತಿಳಿಯುತ್ತದೆ. ಬಾಯಲ್ಲೇ ಹೇಳೋಣವೆಂದರೆ ನಿಮ್ಮ ಮುಖ ನೋಡಿದ ಕೂಡಲೇ ನಾಲಿಗೆ ಹೊರಳುವುದಿಲ್ಲ.

ನಿನ್ನೆ ಗಾಲ್ಫ್ ಕ್ಲಬ್ಬಿನಲ್ಲಿ ಗೆದ್ದ ಕಪ್ಪನ್ನು ಟಿ.ವಿ. ಪಕ್ಕ ಇಟ್ಟು, "ಎಲ್ಲಾ ನೀನು ಆರಿಸಿದ ಪಟರ್ ಪುಣ್ಯ ಕಣೇ" ಎಂದಿರಿ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಚೆಂಡನ್ನು ಕುಳಿಗೆ ತಳ್ಳುವ ಆ ಕೋಲನ್ನು ಆರಿಸಿದ ದಿನ ನೆನಪಿದೆಯೇ? ಚೆಂಡು ಕುಳಿಗೆ ಬೀಳುತ್ತಿಲ್ಲವೆಂದು ಮುಖ ಊದಿಸಿಕೊಂಡು ನಾನು ಕೆಲಸ ಮಾಡುವ ಗಾಲ್ಫ್ ಕೋಲಿನ ಅಂಗಡಿಗೆ ಬಂದಿರಿ. ಎಲ್ಲ ಗಿರಾಕಿಗಳಿಗೆ ಮಾಡುವಂತೆ ನಿಮ್ಮ ಹಳೆಯ ಪಟರಿಗೂ ಪುಟ್ಟ ಕನ್ನಡಿ ಅಂಟಿಸಿ, ಕುಳಿಯ ಕಡೆಯಿಂದ ಬೆಳಕು ಬಿಟ್ಟೆ. ಗುರಿ ನೆಟ್ಟಗಿದ್ದರೆ ಬೆಳಕಿನ ಚುಕ್ಕೆ ಕುಳಿಯ ಮೇಲೇ ಮರಳಿ ಬೀಳಬೇಕು. ನಿಮ್ಮದು ಬಲಕ್ಕೆ ಒಂದು ಗೇಣು ಸರಿದು ಬಿತ್ತು. ಎಡಗಣ್ಣು ಮುಚ್ಚಿಕೊಳ್ಳಿ ಎಂದೆ. ನೀವು ಕುಳಿಯನ್ನೇ ಬಿಟ್ಟು ಗೋಡೆಗೆ ಗುರಿಯಿಟ್ಟಿರಿ. "ನೆಟ್ಟಗಿದೆ ಅಲ್ವಾ?" ಎಂದು ಬೇರೆ ಕೇಳಿದಿರಿ.

ಕೋಲು ಸರಿಯಿತ್ತು ರೀ. ಉದ್ದ, ತೂಕ ಎಲ್ಲ ಸರಿಯಿತ್ತು. ನಿಮ್ಮ ಬಲಗಣ್ಣು ಸರಿಯಿರಲಿಲ್ಲ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೀವು, "ಕೋಲಿಂದೇ ತಪ್ಪು ಅನ್ನು ಕಣೇ, ಕಣ್ಣಿಂದು ಅಂದ್ರೆ ಸ್ಕೂಲ್ ವ್ಯಾನ್ ಕೆಲ್ಸಾನೂ ಹೋಯ್ತು" ಎಂದು ನಕ್ಕಿರಿ. ಆ ನಗುವಿನ ಹಿಂದಿನ ಹೆದರಿಕೆ ಕಂಡು ನಾನು ಕರಗಿಹೋದೆ. ಕೋಲಿನದೇ ತಪ್ಪು ಎಂದುಬಿಟ್ಟೆ.

ಆಮೇಲೆ ಒಂದೊಂದೇ ಪಟರ್ ಕೈಗೆ ಕೊಟ್ಟು ನೋಡಿದೆ. ಅಗಲ ತಲೆಯ, ಬಿಳಿ ಗೆರೆಯ ಒಂದನ್ನು ಹಿಡಿದಾಗ ಚುಕ್ಕೆ ನೇರಕ್ಕೆ ಬಂತು. ಆಟಗಾರನಿಗೆ ಒಪ್ಪುವ ಕೋಲು ಹುಡುಕುವುದೇ ನನ್ನ ಕೆಲಸ. ಅವತ್ತು ನಾನು ಹುಡುಕಿದ್ದು ನಿಮ್ಮ ಕಾಣದ ಕಣ್ಣಿಗೆ ಒಪ್ಪುವ ಕೋಲನ್ನು.

ನೀವು ಗೆಲ್ಲತೊಡಗಿದಿರಿ. "ಕಣ್ಣು ಸರಿಯಿಲ್ದೆ ಕಪ್ ಬರುತ್ತಾ?" ಎಂದು ಕಣ್ಣಿನ ಡಾಕ್ಟರ ಹತ್ತಿರ ಹೋಗುವ ಮಾತನ್ನೇ ಬಿಟ್ಟಿರಿ. ನಾನು ಗೋಣು ಆಡಿಸಿದೆ. ನಿಮ್ಮ ಹೊಗಳಿಕೆಗೆ ಉಬ್ಬಿಯೂ ಹೋಗಿದ್ದೆ.

ಶುಕ್ರವಾರ ಶಾಲೆಯ ಗೇಟಿನ ಕಂಬಕ್ಕೆ ತಗುಲಿ ವ್ಯಾನಿನ ಬಲಗಡೆಯ ಕನ್ನಡಿ ಹಾರಿಹೋಯಿತು. ಕಂಬವೇ ಅಡ್ಡ ಬಂತೆಂದು ತಮಾಷೆ ಮಾಡಿದಿರಿ. ನಿಮ್ಮನ್ನು ವ್ಯಾನ್ ಮಾಮ ಎನ್ನುವ ಪುಟ್ಟಿ ದಿನಾ ಒರಗಿ ನಿಲ್ಲುವುದು ಅದೇ ಕಂಬಕ್ಕೆ. ಅವತ್ತು ನೀರಿನ ಬಾಟಲಿ ಮರೆತು ಒಳಗೆ ಓಡಿದ್ದಳಂತೆ. ವ್ಯಾನಿನ ಆಯಾ ಹೇಳಿದಳು.

ಎಡಗಣ್ಣು ಮುಚ್ಚಿಕೊಂಡು ಈ ಕಾಗದವನ್ನು ಒಮ್ಮೆ ಓದಿ ನೋಡಿ. ಆಮೇಲೆ ಕಣ್ಣಾಸ್ಪತ್ರೆಗೆ ಬನ್ನಿ, ನಡೆದೇ ಬನ್ನಿ. ಬಾಗಿಲಲ್ಲೇ ಕಾಯುತ್ತಿರುತ್ತೇನೆ. ಬಯ್ಯುವುದಿದ್ದರೆ ಅಲ್ಲೇ, ಎಲ್ಲರ ಮುಂದೆಯೇ ಬಯ್ಯಿರಿ.

ನಿಮ್ಮವಳೇ,
ಕೋಲಿನಂಗಡಿಯವಳು

ಮರೆತ ಮಾತು: ವ್ಯಾನಿನ ಕೀಲಿ ನನ್ನ ಚೀಲದಲ್ಲಿದೆ. ಇವತ್ತು ಬೇರೆ ಡ್ರೈವರನ್ನು ಕಳಿಸಿ ಎಂದು ಶಾಲೆಯ ಮ್ಯಾನೇಜರಿಗೆ ಫೋನ್ ಮಾಡಿದೆ. ಯಾಕೆ ಎಂದರು. ನಿಮಗೆ ಜ್ವರ ಎಂದೆ. ನೋಡಿ, ಮತ್ತೆ ಅದೇ ಬುದ್ಧಿ. ನಿಜವನ್ನು ನೀವೇ ಹೇಳಿಬಿಡಿ ರೀ, ನನ್ನ ಬಾಯಿಗೆ ಅದು ಒಗ್ಗುತ್ತಲೇ ಇಲ್ಲ.