ಕೇಬಲ್ಲಿನ ಬಾಣ

ಮಾರ್ಚ್ 4, ಮಂಗಳವಾರ

ಕಣ್ಣಿಗೆ ಹನಿ ಹಾಕಿಕೊಂಡೆ. ಹತ್ತು ನಿಮಿಷ ಮುಚ್ಚಿಕೊಂಡು ಕೂರಿ ಅಂತ ಡಾಕ್ಟರು. ಐದಕ್ಕೇ ತೆರೆದೆ. ಮುಚ್ಚಿದರೆ ಬಾಸ್ ಮುಖವೇ ಎದುರಿಗೆ ಬರುತ್ತದೆ.

ಇವತ್ತು ಎಲ್ಲರೆದುರೇ ಅಂದುಬಿಟ್ಟರು. "ಮೇಡಂ, ನೀವಿನ್ನು ಡ್ರಾಯಿಂಗ್ ಅಂತ ಕಷ್ಟಪಡಬೇಡಿ. ಪ್ರಿಂಟು, ಫೈಲಿಂಗು ನೋಡ್ಕೊಂಡು ಆರಾಮಾಗಿರಿ." ಆರಾಮಂತೆ! ಊರಿನ ಅರ್ಧ ಕಟ್ಟಡಗಳ ನಕ್ಷೆ ನನ್ನ ಕೈಯಿಂದ ಹೋಗಿದೆ. ಕಣ್ಣು ಮಂಜಾಗಿದೆ, ನಿಜ. ಲ್ಯಾಪ್‌ಟಾಪಿನ ಪುಟಾಣಿ ಸ್ಕ್ರೀನಿನಲ್ಲಿ ಮೂರು ಯಾವುದು ಎಂಟು ಯಾವುದು ತಿಳಿಯುವುದಿಲ್ಲ, ಅದೂ ನಿಜ. ತಲೆ ಮಂಜಾಗಿಲ್ಲವಲ್ಲ!

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಲೈಬ್ರರಿ ಮೆಟ್ಟಿಲಿನ ಶೀಟು ಕೊಡಿ ಸಾರ್. ಮನೇಲಿ ಮಾಡಿ ಸೋಮವಾರ ತರ್ತೀನಿ. ಒಂದೇ ಒಂದು ತಪ್ಪು ಸಿಕ್ಕಿದ್ರೂ ಅವತ್ತಿಂದ ನಾನೇ ಪ್ರಿಂಟರ್ ಪಕ್ಕ ಕುರ್ಚಿ ಹಾಕ್ಕೋತೀನಿ" ಅಂದೆ. "ಆಯ್ತು" ಅಂದರು. ನಗು ತಡೆದುಕೊಂಡರೋ ಏನೋ. ಅದೂ ನನಗೆ ಸರಿಯಾಗಿ ಕಾಣಲಿಲ್ಲ.

ಹೇಳಿಬಿಟ್ಟೆ. ಈಗ ಮಾಡುವುದು ಹೇಗೆ...

ಮಾರ್ಚ್ 5, ಬುಧವಾರ

ದೇವರಿದ್ದಾನೆ! ಮಹಡಿ ಮೇಲಿನ ಫೋಟೋಗ್ರಾಫರ್ ಮನೆ ಖಾಲಿ ಮಾಡುತ್ತಿದ್ದಾನೆ. ಅವನ ಮಾನಿಟರ್ — ಅಬ್ಬಾ, ಊಟದ ಮೇಜಿನಷ್ಟು ಅಗಲ. "ಅಕ್ಕ, ಇದನ್ನ ಹೊತ್ಕೊಂಡು ಹೋಗೋಕಾಗಲ್ಲ, ನೀವೇ ಇಟ್ಕೊಳ್ಳಿ. ಎಚ್‌ಡಿಎಂಐ ಕಿಂಡಿ ಮುರಿದುಹೋಗಿದೆ, ಡಿಸ್‌ಪ್ಲೇಪೋರ್ಟ್ ಮಾತ್ರ ಕೆಲಸ ಮಾಡುತ್ತೆ. ಸರಿಯಾದ ಕೇಬಲ್ ತಗೊಳ್ಳಿ" ಅಂದ. ಪಾಪ, ಒಳ್ಳೆಯವನು. ಅವನ ಮಗುವಿನ ಗಲಾಟೆಗೆ ಎಷ್ಟು ಸಲ ಬೈದಿದ್ದೆನೋ.

ನಮ್ಮ ಯಜಮಾನರು ಅದನ್ನು ಮೆಟ್ಟಿಲಿಳಿಸಿ ತಂದರು. ದಿನವಿಡೀ ಗ್ಯಾರೇಜಿನಲ್ಲಿ ಬೈಕು ರಿಪೇರಿ ಮಾಡುವ ಕೈ, ಭಾರ ಲೆಕ್ಕವೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಎಚ್‌ಡಿಎಂಐ ಒಂದೇ. ಅಂದರೆ ಒಂದು ತುದಿ ಅದು, ಇನ್ನೊಂದು ತುದಿ ಡಿಸ್‌ಪ್ಲೇಪೋರ್ಟ್. "ಎರಡು ಕಡೆ ಎರಡು ಥರದ ನಟ್ಟು, ಅಷ್ಟೇ ತಾನೆ" ಅಂದರು ಇವರು. ಅಷ್ಟೇ.

ಮಾರ್ಚ್ 6, ಗುರುವಾರ

ಆಫೀಸಿಂದ ನೇರ ಕಂಪ್ಯೂಟರ್ ಅಂಗಡಿ. ಅಂಗಡಿಯವಳು ಫೋನಿನಲ್ಲೇ ಮುಳುಗಿದ್ದಳು. ಕೇಳಿದ್ದಕ್ಕೆ ಎರಡು ಪ್ಯಾಕೆಟ್ ಮುಂದಿಟ್ಟಳು. ಎರಡರಲ್ಲೂ ಒಂದೊಂದು ಬಾಣದ ಗುರುತು. ಒಂದರಲ್ಲಿ ಡಿಪಿಯಿಂದ, ಅಂದರೆ ಡಿಸ್‌ಪ್ಲೇಪೋರ್ಟಿನಿಂದ, ಎಚ್‌ಡಿಎಂಐ ಕಡೆಗೆ. ಇನ್ನೊಂದರಲ್ಲಿ ತಿರುಗುಮುರುಗು.

"ಯಾವ್ದು ಕೊಡ್ಲಿ ಆಂಟಿ?"

"ಬಾಣ ಓದೋದು ನನಗೆ ಹೊಸದಲ್ಲಮ್ಮ. ಇದು" ಅಂತ ಮೊದಲನೆಯದನ್ನು ಎತ್ತಿಕೊಂಡೆ. ಮಾನಿಟರಿನ ಮುಂದೆ ಕೂತವಳು ನಾನು, ಮಾನಿಟರಿನಲ್ಲಿ ಡಿಪಿ, ಅಲ್ಲಿಂದ ಲ್ಯಾಪ್‌ಟಾಪಿನ ಕಡೆ ನೋಟ. ಸರಳ.

ಮನೆಗೆ ಬಂದು ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ಸಿಕ್ಕಿಸಿದೆ. ಸ್ಕ್ರೀನು ಕಪ್ಪು. "ನೋ ಸಿಗ್ನಲ್" ಅಂತ ಒಂದು ಸಲ ಬಂತು, ಮಲಗಿಬಿಟ್ಟಿತು.

"ಸ್ವಲ್ಪ ಜೋರಾಗಿ ತಳ್ಳು" ಅಂದರು ಇವರು.

"ರೀ, ಇದು ನಿಮ್ಮ ಬೈಕಲ್ಲ!"

"ಬಿಡೇ, ಬಿಚ್ಚಿ ಹಾಕಿದ್ರೆ ಯಾವುದಾದ್ರೂ ಸರಿಹೋಗುತ್ತೆ." ಬಿಚ್ಚಿ ಹಾಕಿದರು. ಸ್ವಿಚ್ ಆಫ್ ಮಾಡಿ ಆನ್ ಮಾಡಿದರು. ಕೊನೆಗೆ ಮಾನಿಟರಿನ ಬೆನ್ನಿಗೆ ಎರಡು ಗುದ್ದು. ಅದು ಜಪ್ಪಯ್ಯ ಅನ್ನಲಿಲ್ಲ.

ಮಾರ್ಚ್ 7

ಬರೆಯೋಕೂ ಬೇಜಾರು.

ಮಾರ್ಚ್ 8, ಶನಿವಾರ

ಬೆಳಿಗ್ಗೆ ನೋಡಿದರೆ ಅತ್ತೆ ಮಾನಿಟರಿನ ಮುಂದೆ ಕುರ್ಚಿ ಹಾಕಿಕೊಂಡು ತಲೆ ಬಾಚುತ್ತಿದ್ದಾರೆ! "ಎಷ್ಟು ದೊಡ್ಡ ಕನ್ನಡಿ ತಂದಿದ್ದೀಯೇ! ಸೊಂಟದವರೆಗೂ ಕಾಣುತ್ತೆ." ನನಗೆ ನಕ್ಷೆಯ ಚಿಂತೆ, ಇವರಿಗೆ ಜಡೆಯ ಚಿಂತೆ. ಅಳಬೇಕೋ ನಗಬೇಕೋ. ಎರಡೂ ಆಯಿತು. ಅತ್ತೆ ಗಾಬರಿಯಾಗಿ ಬಾಚಣಿಗೆ ಕೆಳಗಿಟ್ಟರು. "ಏನಾಯ್ತೇ? ಕನ್ನಡಿ ಬೇಡ ಅಂದ್ರೆ ಬಿಟ್ಟೆ, ಅದಕ್ಕೇಕೆ ಅಳು?"

ಹೇಳಿಬಿಟ್ಟೆ ಎಲ್ಲವನ್ನೂ. ಪ್ರಿಂಟರ್ ಪಕ್ಕದ ಕುರ್ಚಿಯನ್ನೂ. ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಗೆ ಪ್ರಿಂಟು ಎತ್ತಿಕೊಡುತ್ತಾ, ಅವಳು ಎಳೆದ ಗೆರೆಯನ್ನು ಮಡಿಸಿ ಫೈಲಿಗೆ ಸೇರಿಸುತ್ತಾ ಇರೋದು ನನ್ನಿಂದಾಗಲ್ಲ ಅತ್ತೆ, ಅಂದೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, ಕಾಫಿ ಮಾಡಲು ಎದ್ದು ಹೋದರು. ಈ ಮನೆಗೆ ಬಂದ ಮೇಲೆ ಅವರು ನನಗೆ ಕಾಫಿ ಮಾಡಿಕೊಟ್ಟದ್ದು ಇವತ್ತೇ.

ಸಂಜೆ — ಲ್ಯಾಪ್‌ಟಾಪಿನಲ್ಲೇ ಶುರು ಮಾಡಿದೆ. ಮೂಗು ಸ್ಕ್ರೀನಿಗೆ ಅಂಟಿಸಿಕೊಂಡು ಅರ್ಧ ಮೆಟ್ಟಿಲು. ಕಣ್ಣಲ್ಲಿ ನೀರು, ಕತ್ತಿನಲ್ಲಿ ನೋವು. ಆಗೋ ಮಾತಲ್ಲ.

ಮಾರ್ಚ್ 9, ಭಾನುವಾರ, ಬೆಳಿಗ್ಗೆ 10

ಅಯ್ಯೋ ನನ್ನ ಬುದ್ಧಿಗಿಷ್ಟು!

ಪೆನ್ಸಿಲ್ ಹಿಡಿದು ಕಾಗದದ ಮೇಲೆ ಮೆಟ್ಟಿಲು ಹಾಕುತ್ತಿದ್ದೆ. ಕಟ್ಟಡವನ್ನು ಕೇಕಿನಂತೆ ಕತ್ತರಿಸಿ ಒಳಗನ್ನು ತೋರಿಸುವ ಚಿತ್ರ ಇರುತ್ತದಲ್ಲ, ಸೆಕ್ಷನ್ — ಅದಕ್ಕೆ ಬಾಣ ಹಾಕಿದೆ. ನಮ್ಮ ಕೆಲಸದಲ್ಲಿ ಆ ಬಾಣ ಅಂದರೆ ನೋಡುವವರು ಯಾವ ಕಡೆ ನೋಡುತ್ತಿದ್ದಾರೆ ಅಂತ. ಕಣ್ಣಿನ ದಿಕ್ಕು. ಇಷ್ಟು ವರ್ಷ ಬಾಣ ಕಂಡಲ್ಲೆಲ್ಲ ಹಾಗೇ ಓದಿದವಳು ನಾನು. ಪೆನ್ಸಿಲ್ ಅಲ್ಲೇ ನಿಂತಿತು.

ಕೇಬಲ್ಲಿಗೇನು ಕಣ್ಣಿದೆಯೇ? ಅದರ ಬಾಣ ಚಿತ್ರ ಹರಿಯುವ ದಿಕ್ಕು! ಲ್ಯಾಪ್‌ಟಾಪಿನಿಂದ ಹೊರಟು ಮಾನಿಟರಿಗೆ. ನಾನು ಮಾನಿಟರಿನಿಂದ ನೋಡುತ್ತಾ ಓದಿದೆ. ಪೂರಾ ಉಲ್ಟಾ. ಪ್ಲಗ್ಗಿನ ಫೋಟೋ ತೆಗೆದು ಫೋನಿನಲ್ಲಿ ದೊಡ್ಡದು ಮಾಡಿದೆ — ಅದರ ಮೇಲೂ ಕೂದಲೆಳೆಯಷ್ಟು ಬಾಣ. ಅದೇ ದಿಕ್ಕು. ಕೆಟ್ಟಿದ್ದು ಮಾನಿಟರ್ ಅಲ್ಲ, ಕೇಬಲ್ಲೂ ಅಲ್ಲ.

"ರೀ, ಗಾಡಿ ತೆಗೀರಿ!"

"ಭಾನುವಾರ ಅಂಗಡಿ ಅರ್ಧ ದಿನ ಕಣೇ."

"ಅದಕ್ಕೇ ಬೇಗ ತೆಗೀರಿ!"

ಅದೇ ದಿನ, ಮಧ್ಯಾಹ್ನ 2

ಅಂಗಡಿಯವಳು ಷಟರ್ ಎಳೆಯುತ್ತಿದ್ದಳು. ಅರ್ಧಕ್ಕೆ ಕೈಯಿಟ್ಟೆ. "ಎಚ್‌ಡಿಎಂಐ ಕಂಪ್ಯೂಟರ್ ಕಡೆ, ಡಿಪಿ ಮಾನಿಟರ್ ಕಡೆ. ಬಾಣ ಎಚ್‌ಡಿಎಂಐನಿಂದ ಡಿಪಿಗೆ. ಮೊನ್ನೆ ಬೇಡ ಅಂದೆನಲ್ಲ, ಅದೇ."

"ಎಲ್ಲಾ ಒಂದೇ ಅಲ್ವಾ ಆಂಟಿ?"

"ಒಂದೇ ಆಗಿದ್ರೆ ನಾನ್ಯಾಕಮ್ಮ ಇಲ್ಲಿರ್ತಿದ್ದೆ?"

ತಂದು ಸಿಕ್ಕಿಸಿದೆ. ಕಪ್ಪು. ಮತ್ತೆ ಬಿಚ್ಚಿದೆ, ಮತ್ತೆ ಹಾಕಿದೆ... ಕಪ್ಪೇ. ಇವರು ಮೇಜಿನ ಹಿಂದೆ ಬಗ್ಗಿ, "ಇದೇನೇ, ಇಲ್ಲೊಂದು ಬಾಲ ನೇತಾಡ್ತಿದೆ?" ಅಂದರು. ಯುಎಸ್‌ಬಿ ಬಾಲ! ಚಿತ್ರವನ್ನು ಬದಲಿಸಿ ಕಳಿಸುವ ಈ ಕೇಬಲ್ಲಿಗೆ ಕರೆಂಟೂ ಬೇಕು. ಹಳೆಯದಕ್ಕೆ ಬಾಲ ಇರಲಿಲ್ಲ, ನೋಡಲೇ ಇಲ್ಲ ನಾನು. ಇವರೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು.

ಬಂತು!

ಗೋಡೆಯಷ್ಟು ಬೆಳಕು. ಶೀಟು ತೆರೆದೆ. ಮೂರು ಮೂರಾಗಿದೆ, ಎಂಟು ಎಂಟಾಗಿದೆ! ಮೆಟ್ಟಿಲಿನ ಒಂದೊಂದು ಗೆರೆಯೂ ಗರಿಗರಿ. ಕೂಗಿಕೊಂಡೆ ಅನಿಸುತ್ತದೆ, ಪಕ್ಕದ ಮನೆಯವರು ಕಿಟಕಿ ತೆರೆದರು. ಇವರು ಮೀಸೆ ತಿರುವುತ್ತಾ, "ನೋಡ್ದ್ಯಾ, ಮೆಕ್ಯಾನಿಕ್ ಬೇಕೇ ಬೇಕು." ಆಯ್ತು ಮಹರಾಯರೇ, ನೀವೇ ಗೆದ್ದಿರಿ ಅಂದೆ. ಇವತ್ತು ಯಾರು ಗೆದ್ದರೂ ನನಗೆ ಸಂತೋಷವೇ.

ಅತ್ತೆ ಮಾತ್ರ, "ಕನ್ನಡಿ ಹೋಯ್ತಲ್ಲೇ" ಅಂದರು.

ಕೆಲಸಕ್ಕೆ ಕೂರುತ್ತೇನೆ.

ಮಾರ್ಚ್ 10, ಸೋಮವಾರ

ಬಾಸ್ ಶೀಟನ್ನು ಮೇಜಿನ ತುಂಬ ಹರಡಿದರು. ಕೆಂಪು ಪೆನ್ನಿನ ಕ್ಯಾಪು ತೆಗೆದರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಹೊಸ ಹುಡುಗಿ ಪಕ್ಕಕ್ಕೆ ಬಂದು ನಿಂತಿದ್ದಳು. ನಾನು ಸೆರಗು ಹಿಂಡುತ್ತಿದ್ದೆ. ಒಂದು ಕಡೆ ಪೆನ್ನು ನಿಂತಿತು.

"ಈ ತಿರುವಿನಲ್ಲಿ ಕಂಬಿ ಯಾಕೆ ಎತ್ತರ ಮಾಡಿದ್ದೀರಿ?"

"ಲೈಬ್ರರಿ ಸಾರ್. ಮಕ್ಕಳು ಬರ್ತಾರೆ. ಪುಸ್ತಕ ಓದ್ತಾ ಇಳೀತಾರೆ, ಕೆಳಗೆ ನೋಡಲ್ಲ."

ಬಾಸ್ ಕ್ಯಾಪು ಹಾಕಿ ಪೆನ್ನು ಜೇಬಿಗಿಟ್ಟರು. ಶೀಟಿನ ಮೇಲೆ ಒಂದು ಕೆಂಪು ಚುಕ್ಕೆಯೂ ಇಲ್ಲ! "ಮನೇಲಿ ಯಾವ ಸ್ಕ್ರೀನ್ ಇಟ್ಟಿದ್ದೀರಿ ಮೇಡಂ? ಇಲ್ಲಿಗೂ ಅಂಥದ್ದೇ ತರಿಸ್ತೀನಿ" ಅಂದರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

"ತರಿಸಿ ಸಾರ್. ಕೇಬಲ್ ಮಾತ್ರ ನಾನು ಆರಿಸ್ತೀನಿ."

ಹೇಳಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಕೇಬಲ್ ವಿಷಯಕ್ಕೆ ಅಳುವವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಮಾರ್ಚ್ 14, ಶುಕ್ರವಾರ

ಡಾಕ್ಟರು ಕಣ್ಣಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಇದ್ದಷ್ಟೇ ಇದೆ. "ಮುಂದೆ ಹೇಗೋ ಹೇಳೋಕಾಗಲ್ಲ" ಅಂದರು. ಭಯವಾಯಿತು, ಸುಳ್ಳೇಕೆ ಹೇಳಲಿ. ಬಸ್ಸಿನಲ್ಲಿ ಇವರು ಇಳಿಯುವವರೆಗೂ ನನ್ನ ಕೈ ಹಿಡಿದುಕೊಂಡಿದ್ದರು.

ಮನೆಗೆ ಬಂದರೆ ಬಾಸ್ ಫೈಲು ಕಳಿಸಿದ್ದಾರೆ. ಹೊಸ ಆಸ್ಪತ್ರೆ. ಐದು ಮಹಡಿ, ಪೂರ್ತಿ ನನ್ನದೇ. ಕೆಳಗೆ ಒಂದು ಸಾಲು — ಹೊಸ ಹುಡುಗಿ ನಿಮ್ಮ ಜೊತೆ ಕೂತು ಕಲಿಯಲಿ.

ಸ್ಕ್ರೀನು ಹಾಕಿದೆ. ಬರೀ ಬಿಳುಪು, ಇನ್ನೂ ಒಂದು ಗೆರೆಯೂ ಇಲ್ಲ. ಅತ್ತೆ ಪಕ್ಕದಲ್ಲಿ ಕುರ್ಚಿ ಎಳೆದು ಕೂತಿದ್ದಾರೆ, "ಏನಾದ್ರೂ ಬರಿಯೇ, ನೋಡೋಣ" ಅಂತ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಮಲಗಿದವರಿಗೆ ಆಕಾಶ ಕಾಣುವ ಹಾಗೆ ಹಾಸಿಗೆ ಎಲ್ಲಿ... ಎಲ್ಲಾ ಕಾಣುತ್ತಿದೆ ನನಗೆ. ಎಲ್ಲಾ. ಇರಲಿ, ಮೊದಲು ಈ ಗೋಡೆ—