ಎರಡು ಬಾವುಟಗಳ ಸೆಮಿಫೈನಲ್

ಅಕ್ಕಾ, ಕೊಂಡಾಪುರದಿಂದ ತಮ್ಮನ ಶರಣು.

ಮೊಣಕಾಲಿನ ನೋವಿಗೆ ಹೆದರಿ ಗುರುಬಸವನ ಫುಟ್‌ಬಾಲ್ ಬಿಡಿಸುತ್ತೇನೆ ಎಂದಿದ್ದೆಯಲ್ಲ. ನಿನ್ನ ಮಗನ ಸೆಮಿಫೈನಲ್ ನಾವು ಇಲ್ಲಿಂದ ಹೇಗೆ ನೋಡಿದೆವೆಂದು ಕೇಳು.

ಇಲ್ಲಿ ಕಟ್ಟುತ್ತಿರುವ ಕಟ್ಟಡದ ಸುರಕ್ಷತೆ ನನ್ನ ಹೊಣೆ. ಕೆಲಸದ ಜಾಗಕ್ಕೆ ಮೊಬೈಲ್ ತರಬಾರದೆಂಬ ನಿಯಮ ನನ್ನದೇ ಆದ್ದರಿಂದ ನನ್ನದನ್ನೂ ಗೇಟಿನಲ್ಲಿಟ್ಟಿದ್ದೆ. ಗೇಟು ಕಾಯುವ ಲಿಂಗಣ್ಣ ಅದರಲ್ಲಿ ಪಂದ್ಯ ನೋಡುತ್ತ, ನಮ್ಮ ಶಹಾಬಾದಿಗೆ ಗೋಲಾದರೆ ಹಸಿರು ಬಾವುಟ, ಎದುರಾಳಿಗಾದರೆ ಕೆಂಪು ಬಾವುಟ ತೋರಿಸಬೇಕೆಂದು ಗೊತ್ತುಮಾಡಿದ್ದೆ. ಒಮ್ಮೆ ಹಸಿರು ಕಂಡಿತು. ಕೊನೆಯಲ್ಲಿ ಅವನು ಎರಡನ್ನೂ ಬೀಸುತ್ತ ಓಡಿಬಂದ.

“ಎರಡರಾಗ ಯಾವುದು ನಂಬೂದೋ ಲಿಂಗಣ್ಣಾ?” ಎಂದು ಗೋಡೆ ಕಟ್ಟುತ್ತಿದ್ದ ನಮ್ಮ ಕಡೆಯ ಗೌಂಡಿಗಳು ಗದರಿದರು.

“ಪೆನಾಲ್ಟಿ ಸಿಕ್ಕಿದ್ದು ಅವರಿಗೆ, ಹಾರಿ ಹಿಡದಾಂವ ಸಾಹೇಬ್ರ ಅಳಿಯಾ! ಮತ್ತ ಎರಡೂ ಬೇಕಲ್ರಿ? ಗೆದ್ದೀವ್ರಿ!”

ತಡೆದ ಪೆನಾಲ್ಟಿಗೊಂದು ಬಾವುಟ ಗೊತ್ತುಮಾಡಲು ನಾನು ಮರೆತಿದ್ದೆ.

ಹಾಗೆ ಹಾರಿದವನ ಮೊಣಕಾಲು ವಾಸಿಯಾಗಿದೆ. ಫೈನಲ್ ಆಡಲು ಬಿಡು. ಆ ದಿನಕ್ಕೆ ನಾನೂ ರಜೆ ಹಾಕಿದ್ದೇನೆ. ನನ್ನ ಆರೋಗ್ಯ ಚೆನ್ನಾಗಿದೆ. ಕೂಗಿದ್ದರಿಂದ ಧ್ವನಿ ಮಾತ್ರ ಪೂರ್ತಿ ಹೋಗಿದೆ. ಫೋನ್ ಬಿಟ್ಟು ಕಾರ್ಡ್ ಬರೆದದ್ದು ಅದಕ್ಕೇ.

ನಿನ್ನ ತಮ್ಮ,
ಆನಂದಕುಮಾರ