ಎರಡು ತುದಿಗೂ ಒಂದೇ ಬೋರ್ಡು

ಮನೆಯಿಂದ,
ಹದಿನಾಲ್ಕನೇ ತಾರೀಕು, ಬುಧವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಭುಜದ ನೋವು ಇಳಿಯಿತೇ? ಕೆಳಗಿನ ಕಾಲುವೆಯ ಬೋರ್ಡುಗಳನ್ನೆಲ್ಲ ಒಂದೇ ಉಸಿರಿಗೆ ಬರೆದು ಮುಗಿಸಬೇಕೆಂದು ಹಟ ಹಿಡಿಯಬೇಡಿ. ಹೇಳಿ ಹೇಳಿ ನನ್ನ ಬಾಯಿ ಬತ್ತಿದೆ, ಆದರೂ ಹೇಳುತ್ತೇನೆ: ಬಣ್ಣದ ಕೈಯನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ಹಾಗೇ ತಟ್ಟೆಗೆ ಹಾಕಬೇಡಿ, ಸೋಪು ಹಚ್ಚಿ. ನಾನು ಚೆನ್ನಾಗಿದ್ದೇನೆ. ಅತ್ತೆಯವರೂ ಚೆನ್ನಾಗಿದ್ದಾರೆ ಎಂದು ಬರೆಯಲು ಹೊರಟಿದ್ದೆ, ಪೂರ್ತಿ ಹಾಗಿಲ್ಲ. ಗಾಬರಿಯಾಗಬೇಡಿ. ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದಾರೆ, ಆರು ವಾರ ಇರಬೇಕಂತೆ. ಬಾಯಿಗೇನೂ ಪೆಟ್ಟಾಗಿಲ್ಲ, ಅದು ಮೊದಲಿನ ಹಾಗೆಯೇ ನಡೆಯುತ್ತಿದೆ.

ಆದದ್ದಿಷ್ಟು. ಶುಕ್ರವಾರ ಬೆಳಿಗ್ಗೆ ಎಂದಿನಂತೆ ಕಾಲುವೆ ದಂಡೆಗೆ ನಡೆಯಲು ಹೋದರು. ತೂಬಿನ ಕಡೆಯಿಂದ ಹತ್ತಿ, ಗೋಡೆಯ ಪಕ್ಕದಲ್ಲೇ ಹೊರಟಿದ್ದಾರೆ. ಎದುರಿಗೆ, ಸೇತುವೆ ಕಡೆಯಿಂದ ಗಂಟೆಪ್ಪ ಬಂದ. ಅದೇ, ಔಷಧಿ ಅಂಗಡಿಯಿಂದ ಮನೆಮನೆಗೆ ಮಾತ್ರೆ ತಲುಪಿಸುವವನು. ಇಲಿ ಅಡ್ಡ ಬಂದರೂ ಬೆಲ್ ಬಾರಿಸುತ್ತಾನೆಂದು ನೀವೇ ಆ ಹೆಸರಿಟ್ಟಿರಿ. ಅವನ ಸೈಕಲ್ಲೂ ಗೋಡೆಯ ಪಕ್ಕದಲ್ಲೇ ಇತ್ತು. ತಿರುವಿನಲ್ಲಿ ಎದುರುಬದುರಾದರು. ಅವನು ಬೆಲ್ ಬಾರಿಸಿದ, ಕೂಗಿದ. ಅತ್ತೆ ಜಗ್ಗುತ್ತಾರೆಯೇ? "ನನ್ನ ಜಾಗದಲ್ಲಿ ನಾನಿದೀನಿ, ನಾನ್ಯಾಕೆ ಸರೀಲಿ?" ಕೊನೆಗೆ ಅವನೇ ಹ್ಯಾಂಡಲ್ ತಿರುಗಿಸಿ ಸೈಕಲ್ ಸಮೇತ ನೀರಿಗೆ ಬಿದ್ದ. ಸೈಕಲ್ಲಿನ ಹಿಂದೆ ಕಟ್ಟಿದ್ದ ಮಾತ್ರೆಯ ಡಬ್ಬ ತಗುಲಿ ಅತ್ತೆ ನೆಲಕ್ಕೆ ಬಿದ್ದರು. ಮಾತ್ರೆಗಳೆಲ್ಲ ನೀರುಪಾಲು.

ಅವನು ತಪ್ಪು ಪಕ್ಕದಲ್ಲಿ ಬಂದನೆಂದು ಅತ್ತೆ ಕಾಲುವೆ ಕಚೇರಿಯಲ್ಲಿ ಹೇಳಿಕೆ ಕೊಟ್ಟು ಸಹಿ ಹಾಕಿದ್ದಾರೆ. "ಬೋರ್ಡಲ್ಲಿ ನಡೆಯೋರು ಎಡಕ್ಕೆ ಅಂತಿದೆ, ನಾನು ಎಡಕ್ಕೇ ಇದ್ದೆ" ಎನ್ನುತ್ತಾರೆ. ಅವನೋ, "ಅಮ್ಮಾ, ಬೋರ್ಡಲ್ಲಿ ಸೈಕಲ್ ಬಲಕ್ಕೆ ಅಂತಿದೆ, ನಾನೂ ಬಲಕ್ಕೇ ಇದ್ದೆ" ಎಂದು ಕೈ ಮುಗಿಯುತ್ತಾನೆ. ವಿಚಾರಣೆ ಸೋಮವಾರ. ಅಲ್ಲಿಯವರೆಗೆ ಅವನು ದಂಡೆಯ ಮೇಲೆ ಸೈಕಲ್ ಹತ್ತುವಂತಿಲ್ಲ. ಆ ದಾರಿಯಿಲ್ಲದೆ ಅಷ್ಟು ಮನೆ ಸುತ್ತಲಾಗದು. ಸೋಮವಾರವೂ ತಪ್ಪು ಅವನದೇ ಎಂದಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಅಂಗಡಿಯವರು ಹೇಳಿಬಿಟ್ಟಿದ್ದಾರಂತೆ.

ಅಲ್ಲ ರೀ, ಇಬ್ಬರೂ ಹೇಗೆ ಸರಿ? ಇಬ್ಬರೂ ಸರಿಯಾಗಿದ್ದರೆ ಢಿಕ್ಕಿ ಹೇಗಾಯಿತು? ನನಗೆ ತಲೆಬುಡ ತಿಳಿಯಲಿಲ್ಲ. ನಿನ್ನೆ ಅಡುಗೆಮನೆ ಮೇಜಿನ ಮೇಲೆ ಲಟ್ಟಣಿಗೆಯನ್ನು ಕಾಲುವೆ ಮಾಡಿ, ಉಪ್ಪಿನ ಡಬ್ಬಿಯನ್ನು ಅತ್ತೆ, ಸಕ್ಕರೆ ಡಬ್ಬಿಯನ್ನು ಗಂಟೆಪ್ಪ ಮಾಡಿ ನಡೆಸಿ ನೋಡಿದೆ. (ಉಪ್ಪು ಯಾರೆಂದು ಅವರಿಗೆ ಹೇಳಬೇಡಿ.) ಸೇತುವೆ ಕಡೆಯಿಂದ ಹೊರಟರೆ ಎಡಕ್ಕೆ ನೀರು. ತೂಬಿನ ಕಡೆಯಿಂದ ಹೊರಟರೆ ಎಡಕ್ಕೆ ಗೋಡೆ! ನಾಲ್ಕು ಸಲ ನಡೆಸಿದೆ, ನಾಲ್ಕು ಸಲವೂ ಡಬ್ಬಿಗಳು ಬಡಿದುಕೊಂಡವು. ಮೇಜು ಸುತ್ತಿ ಸುತ್ತಿ, ನನ್ನ ಎಡಗೈ ಯಾವುದೆಂಬುದೇ ಅನುಮಾನವಾಗಿ ಗಡಿಯಾರ ಕಟ್ಟಿದ ಕೈ ನೋಡಿಕೊಂಡೆ.

ಆಮೇಲೆ ನಿಮ್ಮ ಬಣ್ಣದ ಡಬ್ಬಗಳ ಕೆಳಗಿದ್ದ, ಬೋರ್ಡಿಗೆ ಏನು ಬರೆಯಬೇಕೆಂದು ಕಚೇರಿಯವರು ಕೊಟ್ಟ ಚೀಟಿ ತೆಗೆದು ಓದಿದೆ. "ನಡೆಯುವವರು ನೀರಿನ ಪಕ್ಕ, ಸೈಕಲ್ ಗೋಡೆಯ ಪಕ್ಕ" ಎಂದಿದೆ. ನೀವು ಸೇತುವೆ ಕಡೆ ನಿಂತು ಅದನ್ನು ಎಡಕ್ಕೆ, ಬಲಕ್ಕೆ ಎಂದು ಮಾಡಿದಿರಿ, ಅಕ್ಷರ ದಪ್ಪ ಬರುತ್ತದೆ ಎಂದಿರಿ. ಅಲ್ಲಿ ನಿಂತವರಿಗೆ ಅದು ಸರಿಯೇ. ತೂಬಿನ ಕಡೆಯ ಬೋರ್ಡನ್ನು ನನಗೆ ಬಿಟ್ಟು ಹೊರಡುವಾಗ "ಒಂದು ಕೊಂಬೂ ಬದಲಾಯಿಸ್ಬೇಡ ಕಣೇ" ಎಂದಿರಿ. ನಾನು ಮಕ್ಕಿಕಾಮಕ್ಕಿ ಇಳಿಸಿದೆ. ಎಷ್ಟು ಚೆಂದ ಬಂದಿದೆಯೆಂದು ಹಿಗ್ಗಿ ಎರಡು ದಿನ ಹೋಗಿ ನೋಡಿಕೊಂಡೂ ಬಂದೆ. ಈಗ ನೋಡಿದರೆ ಅದೇ ಬೋರ್ಡು ಅತ್ತೆಯವರನ್ನು ಗೋಡೆಯ ಪಕ್ಕಕ್ಕೆ ಕಳಿಸಿದೆ. ಚಿಕ್ಕದು ಮಾಡಿದ ನಿಮ್ಮದು ತಪ್ಪೋ, ಯೋಚಿಸದೆ ಇಳಿಸಿದ ನನ್ನದೋ, ಅದೂ ಗೊತ್ತಾಗುತ್ತಿಲ್ಲ.

ಬಾಯಿ ಬಿಟ್ಟರೆ ಎರಡು ವರ್ಷ ಕಚೇರಿಗೆ ಅಲೆದು ನೀವು ಪಡೆದ ಕೆಲಸ ಕೈತಪ್ಪುತ್ತದೇನೋ. ಬಿಡದಿದ್ದರೆ ಅವನ ಕೆಲಸ ಹೋಗುತ್ತದೆ. ಅತ್ತೆಯವರನ್ನು ಕೇಳೋಣವೆಂದರೆ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಿನ್ನೆ ಸಂಜೆ ಗಂಟೆಪ್ಪನ ಹೆಂಡತಿ ಅತ್ತೆಯ ನೋವಿನ ಮಾತ್ರೆಗಳನ್ನು ತಂದುಕೊಟ್ಟಳು. ಅಷ್ಟು ದೂರ ನಡೆದೇ ಬಂದಿದ್ದಳು. ಅವಳ ಮುಖ ನೋಡಲಾಗದೆ ನಾನು ಮಾತ್ರೆಯ ಮೇಲಿನ ಅಕ್ಷರ ಓದುತ್ತಾ ನಿಂತೆ. ನಾಚಿಕೆಯಾಯಿತು ರೀ. ಏನು ಮಾಡಲಿ, ಒಂದೂ ತೋಚುತ್ತಿಲ್ಲ. ಶನಿವಾರದೊಳಗೆ ಮುಟ್ಟುವಂತೆ ಎರಡು ಸಾಲು ಬರೆಯಿರಿ.

ಅತ್ತೆಯವರು ಇರುವ ಒಂದು ಕೈಯಲ್ಲೇ ನಿಮ್ಮನ್ನು ಹರಸಿದ್ದಾರೆ. ನನ್ನದು ಎರಡೂ ಕೈಯ ನಮಸ್ಕಾರ.

ಇಂತು ನಿಮ್ಮ,
ಮನೆಯವಳು

ವಿ.ಸೂ.: ಗುರುವಾರ ಬೆಳಿಗ್ಗೆ, ಅವಸರದಲ್ಲಿ. ನಿಮ್ಮ ಉತ್ತರಕ್ಕೆ ಕಾಯುವುದಿಲ್ಲ. ಅತ್ತೆಯವರಿಗೆ ಎಲ್ಲ ಹೇಳಿಬಿಟ್ಟೆ. ಎಲ್ಲ ಕೇಳಿಸಿಕೊಂಡರು. ಆಮೇಲೆ "ನನಗೆ ಗುದ್ದಬಾರ್ದು ಅಂತ ಅವನು ನೀರಿಗೆ ಬಿದ್ದ, ನಾನು ಅವನ ಮೇಲೇ ಸಹಿ ಹಾಕ್ಬಿಟ್ನಲ್ಲೇ" ಎಂದು ಅತ್ತರು. ಈಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಇಬ್ಬರೂ ಕಚೇರಿಗೆ ಹೊರಟೆವು. ತೂಬಿನ ಬೋರ್ಡಿಗೆ ಗೋಣಿಚೀಲ ಕಟ್ಟಿ ಬಂದಿದ್ದೇನೆ. ಕೆಲಸ ಹೋದರೆ ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೊಳ್ಳಿ. ಆದರೆ ಅಲ್ಲೂ ಇದೇ ಎಡಕ್ಕೆ, ಬಲಕ್ಕೆ ಬರೆಯುತ್ತಿದ್ದೀರಲ್ಲಾ, ಈವರೆಗೆ ಎಷ್ಟು ಬರೆದಿರಿ? ಓದಿದ ಕೂಡಲೇ ಕುಂಚ ಕೆಳಗಿಡಿ, ಬರೆದದ್ದನ್ನೆಲ್ಲ ಅಳಿಸಿ. ಆ ದಂಡೆಯ ಮೇಲೂ ಯಾರದೋ ಅಮ್ಮ ನೀವು ಬರೆದದ್ದನ್ನು ನಂಬಿ ನಡೆಯುತ್ತಿರುತ್ತಾಳೆ.